ಶಾಮಿಯಾನ ಅಂಗಡಿಗೆ ಪಿಕಪ್: ಏಸ್ ಬಿಟ್ಟು ಬೊಲೆರೋಗೆ ಬಂದ ಮೇಲೆ

ಪಿಕಪ್ ತಗೊಳ್ಳಲು ಹೋದವರು ಶೋರೂಮ್‌ನಲ್ಲಿ ಕೇಳುವುದು ಎರಡೇ ಪ್ರಶ್ನೆ. ಮೈಲೇಜ್ ಎಷ್ಟು? ಇಎಂಐ ಎಷ್ಟು? ನನ್ನ ಪ್ರಕಾರ ಇವೆರಡೂ ಆಮೇಲಿನ ಮಾತು. ಮೊದಲು ಟೇಪು ಹಿಡಿದು ಹಿಂದಿನ ಡೆಕ್, ಅಂದರೆ ಸಾಮಾನು ಹೇರುವ ಜಾಗ, ಅಳೆಯಿರಿ. ನಿಮ್ಮ ಸಾಮಾನಿನಲ್ಲಿ ಎಲ್ಲಕ್ಕಿಂತ ಉದ್ದದ್ದು ಯಾವುದು, ಎಲ್ಲಕ್ಕಿಂತ ಭಾರದ್ದು ಯಾವುದು ಅಂತ ಬರೆದುಕೊಳ್ಳಿ. ಗಾಡಿ ಯಾವುದು ಅಂತ ಆ ಚೀಟಿಯೇ ಹೇಳುತ್ತದೆ.

ನನ್ನದು ಕಾಮಾಕ್ಷಿಪಾಳ್ಯದ ಕಡೆ ಶಾಮಿಯಾನ, ಪಾತ್ರೆ ಬಾಡಿಗೆ ಕೊಡುವ ಅಂಗಡಿ. ಗೃಹಪ್ರವೇಶ, ನಾಮಕರಣ, ತಿಥಿ ಎಲ್ಲಾ ಇದ್ದೇ ಇರುತ್ತೆ. ಗಣೇಶ ಕೂರಿಸುವ ಹುಡುಗರು, ಅಣ್ಣಮ್ಮ ದೇವಿ ಉತ್ಸವದವರು, ರಾಜ್ಯೋತ್ಸವದವರು ಬಂದರೆ ಕೈ ತುಂಬಾ ಕೆಲಸ. ನವೆಂಬರ್ ಒಂದಕ್ಕೆ ಮುಗಿಯುವ ರಾಜ್ಯೋತ್ಸವ ಬೆಂಗಳೂರಲ್ಲಿ ಎಲ್ಲಿದೆ ಹೇಳಿ! ತಿಂಗಳು ಪೂರ್ತಿ ಬೀದಿಗೊಂದು ಪೆಂಡಾಲ್. ಈ ವ್ಯಾಪಾರದಲ್ಲಿ ಎರಡು ತರದ ಲೋಡ್ ಇದೆ. ಕುರ್ಚಿ, ಬಟ್ಟೆ ಜಾಗ ತಿನ್ನುತ್ತವೆ, ತೂಕ ಕಡಿಮೆ. ಜನರೇಟರ್, ಕೊಪ್ಪರಿಗೆ, ಕಬ್ಬಿಣದ ಪೈಪು ಜಾಗ ಜಾಸ್ತಿ ಕೇಳಲ್ಲ, ಆದರೆ ಗಾಡಿಯನ್ನು ಕೂರಿಸಿಬಿಡುತ್ತವೆ.

ಮೊದಲು ಇದ್ದದ್ದು ಟಾಟಾ ಏಸ್. 2005ರಲ್ಲಿ ಬಂದ ಮಾದರಿಯ ಹಳೇ ಗಾಡಿ. 702 ಸಿಸಿ, ಎರಡು ಸಿಲಿಂಡರ್, 16 ಎಚ್‌ಪಿ, ಮುಕ್ಕಾಲು ಟನ್ ಲೋಡ್. ಅದರ ಬಗ್ಗೆ ನಾನು ಕೆಟ್ಟ ಮಾತು ಆಡಲ್ಲ. ನಮ್ಮ ಕಡೆಯ ಗಲ್ಲಿಗಳಲ್ಲಿ ಎರಡೂ ಬದಿ ಬೈಕು ನಿಂತಿದ್ದರೂ ನುಸುಳಿಕೊಂಡು ಹೋಗಿ, ಮನೆ ಬಾಗಿಲಲ್ಲೇ ಸಾಮಾನು ಇಳಿಸುತ್ತಿತ್ತು. ರಿಪೇರಿ ಅಂದರೆ ಪಕ್ಕದ ಬೀದಿ ಮೆಕ್ಯಾನಿಕ್ಕೇ ಸಾಕು.

ಅದನ್ನು ಬಿಡುವಂತೆ ಮಾಡಿದ್ದು ಎಂಜಿನ್ ಅಲ್ಲ, ಪೈಪು. ನಮ್ಮ ಶಾಮಿಯಾನದ ಪೈಪು ಹತ್ತಡಿ. ಏಸ್ ಡೆಕ್ಕು ಏಳಡಿ ಚಿಲ್ಲರೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕಿದರೂ ಒಂದಡಿಗಿಂತ ಜಾಸ್ತಿ ಹಿಂದಕ್ಕೆ ಚಾಚುತ್ತಿತ್ತು. ಮೊದಲೆಲ್ಲ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಹೋಗುವುದು ಎಲ್ಲರ ರೂಢಿ. 2019ರ ಮೋಟಾರು ವಾಹನ ತಿದ್ದುಪಡಿ ಬಂದ ಮೇಲೆ ಆ ಬಟ್ಟೆಗೆ ಬೆಲೆ ಇಲ್ಲ. ಸಾಮಾನು ಬಾಡಿಯಿಂದ ಹೊರಗೆ ಚಾಚಿದ್ದರೆ ಆ ಕಾಯ್ದೆಯಲ್ಲಿ ದಂಡ ₹20,000. ಓವರ್‌ಲೋಡ್‌ಗೂ ₹20,000, ಅದರ ಮೇಲೆ ಹೆಚ್ಚುವರಿ ಟನ್ನಿಗೆ ₹2,000. ಒಂದು ಸಣ್ಣ ಫಂಕ್ಷನ್ನಿನ ಲಾಭ ಅಷ್ಟು ಬರಲ್ಲ. ದಂಡ ಬಿಡಿ, ಹಿಂದೆ ಬರುವ ಬೈಕಿನವನ ಎದೆ ಎತ್ತರಕ್ಕೇ ಇರುತ್ತೆ ಆ ಪೈಪಿನ ಬಾಯಿ. ರಾತ್ರಿ ಹೊತ್ತು ಮಾಗಡಿ ರೋಡಲ್ಲಿ ಅದನ್ನು ನೆನೆಸಿಕೊಂಡರೆ ಭಯವಾಗುತ್ತೆ.

ಆಮೇಲೆ ನೋಡಿದ್ದು ಲೇಲ್ಯಾಂಡ್ ದೋಸ್ತ್, ಟಾಟಾ ಇಂಟ್ರಾ ವಿ30, ಮಹೀಂದ್ರ ಬೊಲೆರೋ ಪಿಕಪ್. ಇಂಟ್ರಾ ಓಡಿಸಲು ಹಗುರ, ಕ್ಯಾಬಿನ್ ಕಾರಿನ ಹಾಗೇ ಇದೆ. 1496 ಸಿಸಿ, 70 ಎಚ್‌ಪಿ, 140 ಎನ್‌ಎಂ ಟಾರ್ಕ್ (ಎಳೆಯುವ ಬಲ), 1.3 ಟನ್ ಲೋಡ್. ಬೊಲೆರೋದ್ದು 2523 ಸಿಸಿ, 75 ಎಚ್‌ಪಿ, ಟಾರ್ಕ್ 200 ಎನ್‌ಎಂ. ಎಚ್‌ಪಿ ನೋಡಿದರೆ ದೊಡ್ಡ ವ್ಯತ್ಯಾಸ ಏನಿಲ್ಲ. ಟಾರ್ಕ್ ನೋಡಿ. ಜನರೇಟರ್ ಹೇರಿಕೊಂಡು ಫ್ಲೈಓವರ್ ಏರುವಾಗ ಟ್ರಾಫಿಕ್ ನಿಂತು, ಮತ್ತೆ ಅಲ್ಲಿಂದಲೇ ಫಸ್ಟ್ ಗೇರಲ್ಲಿ ಎಳೆಯಬೇಕಾದಾಗ ಕೆಲಸಕ್ಕೆ ಬರುವುದು ಅದೇ. ನಾನು ತಗೊಂಡದ್ದು 1.7 ಟನ್ನಿನ, ಒಂಬತ್ತಡಿ ಡೆಕ್ಕಿನ ಬೊಲೆರೋ. ಹತ್ತಡಿ ಪೈಪು ಅದರಲ್ಲಿ ಓರೆಯಾಗಿ ಪೂರ್ತಿ ಮಲಗುತ್ತದೆ, ಹಿಂದಿನ ಡೋರು ಹಾಕಿ ಚಿಲಕ ಬಿಗಿಯಬಹುದು. ನನಗೆ ಅಲ್ಲೇ ಮಾತು ಮುಗಿದಿತ್ತು.

ಇಲ್ಲಿ ಒಂದು ವಿಷಯ ಸೇಲ್ಸ್‌ನವರು ತಾವಾಗಿ ಹೇಳಲ್ಲ. ಲೋಡ್ ಸೇರಿ ಗಾಡಿಯ ಒಟ್ಟು ತೂಕ 3000 ಕೆಜಿ ಒಳಗಿದ್ದರೆ ಗೂಡ್ಸ್ ಪರ್ಮಿಟ್ ಬೇಕಿಲ್ಲ. ಅದು ದಾಟಿದರೆ ಬೇಕು. ಒಂದೇ ಹೆಸರಿನ ಪಿಕಪ್ಪಿನಲ್ಲಿ ಚಿಕ್ಕ ಮಾದರಿ ಗೆರೆಯ ಈ ಕಡೆ, ದೊಡ್ಡದು ಆ ಕಡೆ ಇರಬಹುದು. ನನ್ನದು ಆ ಕಡೆ. ನನ್ನ ಲೋಡಿಗೆ ಅದು ಬೇಕೇ ಬೇಕಿತ್ತು, ಪರ್ಮಿಟ್ ಮಾಡಿಸಿದೆ. ಆದರೆ ತರಕಾರಿ, ನೀರಿನ ಕ್ಯಾನು ಹಾಕುವವರು ಸುಮ್ನೆ ಇರಲಿ ಅಂತ ದೊಡ್ಡದಕ್ಕೆ ಹೋಗಬೇಡಿ. ಬ್ರೋಷರಿನಲ್ಲಿ ಜಿವಿಡಬ್ಲ್ಯೂ ಅಂತ ಒಂದು ಸಾಲು ಇರುತ್ತೆ, ಈ ಒಟ್ಟು ತೂಕ ಅದೇ, ಅದನ್ನು ಓದಿ.

ಓಡಿಸುವ ಅನುಭವ ಲೋಡಿನ ಮೇಲೆ ನಿಂತಿದೆ. ಒಂದು ಟನ್ ಹೇರಿದರೆ ಗಾಡಿ ಭೂಮಿಗೆ ಅಂಟಿಕೊಂಡ ಹಾಗೆ ಹೋಗುತ್ತೆ. ಖಾಲಿ ಬಂದರೆ ಪ್ರತಿ ರೋಡ್ ಹಂಪ್‌ಗೂ ಹಿಂಭಾಗ ಎಗರುತ್ತೆ. "ಅಣ್ಣ, ಖಾಲಿ ಗಾಡಿ ಓಡಿಸೋಕೆ ಎಕ್ಸ್‌ಟ್ರಾ ಭತ್ಯೆ ಕೊಡಿ" ಅಂತ ನಮ್ಮ ಡ್ರೈವರ್ ತಮಾಷೆ ಮಾಡುತ್ತಾನೆ. ಇದು ಒಂದು ಕಂಪನಿಯ ದೋಷ ಅಲ್ಲ. ಒಂದೂವರೆ, ಎರಡು ಟನ್ ಹೊರಲು ಹಾಕಿದ ಲೀಫ್ ಸ್ಪ್ರಿಂಗ್ ಖಾಲಿ ಡೆಕ್ಕಿಗೆ ಬಗ್ಗುವುದೇ ಇಲ್ಲ. ಯಾವ ಪಿಕಪ್ ಆದರೂ ಅಷ್ಟೇ. ಖಾಲಿ ಬರುವ ದಿನ ಕಬ್ಬಿಣದ ಸ್ಟ್ಯಾಂಡ್‌ಗಳನ್ನು ಅಂಗಡಿಯಲ್ಲಿ ಇಳಿಸದೆ ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಬಿಗಿದು ಕಟ್ಟಿಟ್ಟರೆ ಎಗರಾಟ ಎಷ್ಟೋ ಕಮ್ಮಿ.

ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಹಾಕಿಸಿ, ಜಾಸ್ತಿ ಲೋಡ್ ಎಳೆಯುತ್ತೆ ಅಂತ ಸಲಹೆ ಕೊಡುವವರು ಬೀದಿಗೆ ಹತ್ತು ಜನ. ನಾನು ಹಾಕಿಸಿಲ್ಲ. ಪ್ಲೇಟ್ ಸೇರಿಸಿದರೆ ಬಾಗುವುದು ಕಮ್ಮಿ ಆಗುತ್ತೆ, ಬ್ರೇಕೂ ಆಕ್ಸಲ್ಲೂ ಅವೇ ಇರುತ್ತವೆ. ಆರ್‌ಸಿಯಲ್ಲಿ ಬರೆದ ತೂಕವೂ ಬದಲಾಗಲ್ಲ. ಮೈಲೇಜ್ ಕೇಳಿದರೆ, ಲೋಡಿನ ಜೊತೆ ಊರೊಳಗೆ ಲೀಟರಿಗೆ ಹನ್ನೊಂದರ ಆಸುಪಾಸು. ತುಮಕೂರು ರೋಡ್ ಹಿಡಿದರೆ ಇನ್ನೂ ಚೆನ್ನಾಗಿ ಬರುತ್ತೆ. ಮೈಲೇಜ್ ವಿಚಾರದಲ್ಲಿ ನನಗೆ ಇಷ್ಟೇ ಆಸಕ್ತಿ.

ತಗೊಂಡ ಮೇಲೆ ದುಡ್ಡು ಹಾಕಿದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಬಾಡಿ. ಬರೀ ಡೆಕ್ಕಿನ ಮೇಲೆ ಬಟ್ಟೆ ಹೇರಿಕೊಂಡು ಆಗಸ್ಟ್ ಮಳೆಯಲ್ಲಿ ಹೋಗಲಾಗದು. ನೆನೆದ ಶಾಮಿಯಾನ ಬಟ್ಟೆ ಮಡಿಚಿಟ್ಟರೆ ಎರಡೇ ದಿನದಲ್ಲಿ ಬೂಷ್ಟು. ಹಾಗಾಗಿ ಟಾರ್ಪಾಲು ಎಳೆಯಲು ಕಮಾನಿನ ಫ್ರೇಮ್ ಮಾಡಿಸಿದೆ. ಮೊದಲು ಮಾಡಿಕೊಟ್ಟ ವರ್ಕ್‌ಶಾಪಿನವರು ವೆಲ್ಡಿಂಗ್ ಮಾಡಿದ ಜಾಗಕ್ಕೆ ಪ್ರೈಮರ್ ಹೊಡೆಯದೆ ನೇರವಾಗಿ ಪೇಂಟ್ ಬಳಿದಿದ್ದರು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಪ್ರತಿ ಜಾಯಿಂಟಿನಿಂದ ತುಕ್ಕಿನ ನೀರು ಇಳಿದು ಬಿಳಿ ಬಟ್ಟೆ ಮೇಲೆ ಕಂದು ಗೆರೆ. ಲಗ್ನದ ಬಟ್ಟೆ ಅದು, ಒಗೆದರೂ ಹೋಗಲ್ಲ. ಕೇಳಿದ್ದಕ್ಕೆ "ಮಳೆಗೆ ಕಬ್ಬಿಣ ತುಕ್ಕು ಹಿಡೀದೆ ಇರುತ್ತಾ ಸಾರ್" ಅಂದರು! ಬೇರೆ ಕಡೆ ಒಯ್ದು ಜಾಯಿಂಟ್‌ಗಳನ್ನೆಲ್ಲ ಗ್ರೈಂಡ್ ಮಾಡಿಸಿ, ರೆಡ್ ಆಕ್ಸೈಡ್ ಎರಡು ಕೈ ಹೊಡೆಸಿದ ಮೇಲೆ ಸರಿಹೋಯಿತು. ನೀವು ಮಾಡಿಸುವುದಾದರೆ ಪೇಂಟ್ ಹೊಡೆಯುವ ಮುಂಚೆ ಒಂದು ಸಲ ಹೋಗಿ ನಿಂತು ನೋಡಿ.

ಡೆಕ್ಕಿನ ತಳಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿದ್ದೇನೆ. ಕೊಪ್ಪರಿಗೆ ಜಾರುವುದು ನಿಂತಿತು, ರಾತ್ರಿ ಹನ್ನೆರಡಕ್ಕೆ ಸಾಮಾನು ವಾಪಸ್ ಬಂದಾಗ ಬೀದಿಯವರನ್ನು ಎಬ್ಬಿಸುವ ಸದ್ದೂ ನಿಂತಿತು. ರಿವರ್ಸ್ ಕ್ಯಾಮೆರಾ ಇನ್ನೊಂದು. ಕುರ್ಚಿ ಅಟ್ಟಿ ಪೇರಿಸಿದರೆ ಹಿಂದೆ ಏನೂ ಕಾಣಲ್ಲ, ಗಲ್ಲಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬಣ್ಣಬಣ್ಣದ ಲೈಟು, ಏರ್ ಹಾರ್ನ್ ಇವಕ್ಕೆಲ್ಲ ನಾನು ದುಡ್ಡು ಹಾಕಲ್ಲ.

ಕಾಗದ ಪತ್ರದ ಮಾತು ಬೇಗ ಮುಗಿಸುತ್ತೇನೆ. ಯೆಲ್ಲೋ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ. ಎಫ್‌ಸಿಗೆ ಹೋಗುವ ಮುಂಚೆ ರಿಫ್ಲೆಕ್ಟರ್ ಟೇಪ್ ನೋಡಿಕೊಳ್ಳಿ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಡ್ರೈವರ್ ಲೈಸೆನ್ಸ್ ಗೊಂದಲ ಈಗಿಲ್ಲ. 7500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ (ಕಾರು ಓಡಿಸುವ) ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನಾನು ತಗೊಂಡಾಗ ಜಿಎಸ್‌ಟಿ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ಹೊಟ್ಟೆ ಉರಿಯುತ್ತೆ, ಅಲ್ವಾ? ಆದರೆ ಜಿಎಸ್‌ಟಿ ನಂಬರ್ ಇರುವ ವ್ಯಾಪಾರಿಗಳಿಗೆ ಗೂಡ್ಸ್ ಗಾಡಿ ಮೇಲೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ಗಾಡಿಗೆ ಕಟ್ಟಿದ ಜಿಎಸ್‌ಟಿಯನ್ನು ವ್ಯಾಪಾರದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು, ಮನೆ ಕಾರಿನ ಹಾಗಲ್ಲ. ಬಿಲ್ಲು ಅಂಗಡಿ ಹೆಸರಲ್ಲೇ ಮಾಡಿಸಿ, ನಿಮ್ಮ ಆಡಿಟರ್‌ಗೆ ಮೊದಲೇ ಹೇಳಿ.

ಭಾವಮೈದುನ ಒಬ್ಬರು ಇದನ್ನೆಲ್ಲ ಕೇಳಿ, "ಹಂಗಾದ್ರೆ ನಾನೂ ಒಂದು ಪಿಕಪ್ ತಗೋತೀನಿ ಭಾವ, ಇಸುಜು ವಿ-ಕ್ರಾಸ್" ಅಂದರು. ಅದು ಬೇರೆ ಕುಲ. ಐದು ಜನ ಕೂರುವ, ಬಿಳಿ ಬೋರ್ಡಿಗೂ ಆಗುವ ಗಾಡಿ. ಟೊಯೋಟಾ ಹೈಲಕ್ಸ್ ಕೂಡ ಅದೇ ಸಾಲಿನದು. ಸಕಲೇಶಪುರದ ತೋಟಕ್ಕೆ ವಾರಕ್ಕೊಮ್ಮೆ ಹೋಗುವವರಿಗೆ ಭೇಷಾಗಿದೆ. ಆದರೆ ಐದು ಮೀಟರಿಗಿಂತ ಉದ್ದ. ಅವರಿರುವ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅದರ ಮೂತಿ ಪಕ್ಕದವರ ಜಾಗದಲ್ಲಿ ಇರುತ್ತೆ. ಅಲ್ಲಿಗೂ ಟೇಪು ಹಿಡಿದೇ ಹೋಗಿ ಅಂದೆ.

ಈ ಪಿಕಪ್ ಮಾರುವ ಯೋಚನೆ ಸದ್ಯಕ್ಕಿಲ್ಲ. ಆದರೆ ಎರಡು ಹಂಡೆ, ನಲವತ್ತು ಕುರ್ಚಿಯ ಆರ್ಡರಿಗೆ ಇಷ್ಟು ದೊಡ್ಡ ಗಾಡಿ ಕಳಿಸುವುದು ದುಡ್ಡು ದಂಡ. ಪೀಕ್ ಅವರ್‌ನಲ್ಲಿ ಗೂಡ್ಸ್ ಗಾಡಿ ಬಿಡದ ರಸ್ತೆಗಳೂ ಇವೆ, ಗಲ್ಲಿಯಲ್ಲಿ ತಿರುಗಿಸುವುದೂ ಕಷ್ಟ. ಅದಕ್ಕೆ ಜೊತೆಗೊಂದು ಸಣ್ಣ ಎಲೆಕ್ಟ್ರಿಕ್ ಗಾಡಿ ನೋಡುತ್ತಿದ್ದೇನೆ. 2022ರಲ್ಲಿ ಬಂದ ಏಸ್ ಇವಿ 600 ಕೆಜಿ ಎಳೆಯುತ್ತದೆ, ಬ್ಯಾಟರಿ ಗಾಡಿಗೆ ಪರ್ಮಿಟ್ಟೂ ಬೇಡ. ತಡೆ ಇರುವುದು ಚಾರ್ಜಿಂಗ್‌ಗೆ. ನಮ್ಮ ಗೋಡೌನ್ ಬಾಡಿಗೆಯದು. ಮೀಟರ್ ಓನರ್ ಹೆಸರಲ್ಲಿದೆ, ಅವರು ಇನ್ನೂ ಹೂಂ ಅಂದಿಲ್ಲ.