ಅಸಿಸ್ಟ್ ಡಾಟ್ ಆರ್ಗ್: ಪುಕ್ಕಟೆ ಸಿಗುವ ಪಟ್ಟಿಗೆ ಏಜೆನ್ಸಿಗೆ ಯಾಕೆ ದುಡ್ಡು?

ಅಸಿಸ್ಟ್ ಅಂದರೆ ಕ್ಯಾಲಿಫೋರ್ನಿಯಾದ ಕಾಲೇಜಿನ ಯಾವ ಕೋರ್ಸ್ ಅಲ್ಲಿಯ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ತೋರಿಸುವ ವೆಬ್‌ಸೈಟ್. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ವಿಷಯ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಅಲ್ಲಿ ಮೊದಲ ಎರಡು ವರ್ಷ ಓದಿ, ಆಮೇಲೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ಸಿನಲ್ಲಿ ನೇರ ಮೂರನೇ ವರ್ಷಕ್ಕೆ ಸೇರಬಹುದು. ಫೀಸಿನಲ್ಲಿ ಜಾಸ್ತಿ ದುಡ್ಡು ಉಳಿಯುತ್ತದೆ. ನನ್ನ ಅಣ್ಣನ ಮಗಳು ಸೋಮವಾರಪೇಟೆಯಲ್ಲಿ ಪಿಯುಸಿ ಮುಗಿಸಿ ಹೀಗೇ ಕುಪರ್ಟಿನೋದ ಡಿ ಆನ್ಜಾ ಕಾಲೇಜಿಗೆ ಹೋದವಳು. ಕಂಪ್ಯೂಟರ್ ಸೈನ್ಸ್ ಮಾಡಿ ಯುಸಿಗೆ ಹೋಗಬೇಕು ಅನ್ನುವುದು ಅವಳ ಲೆಕ್ಕ.

ನಮ್ಮಲ್ಲಿ ಕುಶಾಲನಗರದ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಅಲ್ಲಿ ಇಡೀ ಡಿಪ್ಲೊಮಾನೇ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಒಂದೊಂದು ಕೋರ್ಸೂ ಬೇರೆ ಬೇರೆ ಲೆಕ್ಕ. ನೀವು ಕಾಲೇಜಿನಲ್ಲಿ ಓದಿದ ಈ ಗಣಿತ, ಆ ಯೂನಿವರ್ಸಿಟಿಯ ಯಾವ ಗಣಿತಕ್ಕೆ ಸಮ? ಅಸಿಸ್ಟ್ ಉತ್ತರ ಕೊಡುವುದು ಈ ಪ್ರಶ್ನೆಗೆ. ಕಾಲೇಜುಗಳೂ ಯೂನಿವರ್ಸಿಟಿಗಳೂ ಮಾಡಿಕೊಂಡ ಒಪ್ಪಂದಗಳ ಅಧಿಕೃತ ಪಟ್ಟಿ ಇದು. ಹಣ ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಸೋಮವಾರಪೇಟೆಯಲ್ಲಿ ಕೂತು ನಾನೂ ನೋಡಬಹುದು. ನೋಡುತ್ತಲೇ ಇದ್ದೇನೆ. ಇಲ್ಲಿ ರಾತ್ರಿ ಒಂಬತ್ತಾದರೆ ಬೇಸಿಗೆಯಲ್ಲಿ ಅವಳಿಗೆ ಬೆಳಿಗ್ಗೆ ಎಂಟೂವರೆ, ಇಬ್ಬರೂ ಫೋನ್ ಹಿಡಿದುಕೊಂಡು ಅದೇ ಪುಟ ತೆರೆದು ಕೂರುತ್ತೇವೆ.

ಬಳಸುವುದು ಸುಲಭ. ವರ್ಷ, ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಆಮೇಲೆ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ. ಅಷ್ಟೇ. ಎಡಗಡೆ ಯೂನಿವರ್ಸಿಟಿಯ ಕೋರ್ಸ್, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸ್. ಆದರೆ ನಂಬರ್ ನೋಡಿ ಮೋಸ ಹೋಗಬೇಡಿ. ನಾವು ನೋಡಿದ ಪಟ್ಟಿಯಲ್ಲಿ ಡಿ ಆನ್ಜಾದ ಮ್ಯಾತ್ 2ಬಿ ಅಂದರೆ ಲೀನಿಯರ್ ಆಲ್ಜೀಬ್ರಾ, ಯುಸಿ ಅರ್ವೈನ್‌ನ ಮ್ಯಾತ್ 2ಬಿ ಅಂದರೆ ಕ್ಯಾಲ್ಕುಲಸ್. ನಂಬರ್ ಒಂದೇ, ವಿಷಯ ಬೇರೆ. ಕಮ್ಯುನಿಟಿ ಕಾಲೇಜುಗಳು ತಮ್ಮೊಳಗಿನ ಇಂಥ ಗೊಂದಲ ತಪ್ಪಿಸುವುದಕ್ಕೆ ಈಗ ಒಂದೇ ನಂಬರಿಗೆ ಬರುತ್ತಿವೆ. ಮೊದಲ ಇಂಗ್ಲಿಷ್ ಕೋರ್ಸ್ ಈಗ ಇಂಗ್ಲಿಷ್ ಸಿ1000 ಆಗಿದೆ. ಆದರೆ ಯೂನಿವರ್ಸಿಟಿಯ ನಂಬರ್ ಬೇರೆಯೇ, ಹಾಗಾಗಿ ಹೆಸರು ಓದಿಯೇ ಮುಂದೆ ಹೋಗಬೇಕು.

ಇನ್ನೂ ಮುಖ್ಯವಾದದ್ದು 'ಮತ್ತು', 'ಅಥವಾ'. ಪಟ್ಟಿಯಲ್ಲಿ ಎರಡು ಕೋರ್ಸ್ ನಡುವೆ 'ಆ್ಯಂಡ್' ಅಂತ ಇದ್ದರೆ ಎರಡೂ ಮುಗಿಯಬೇಕು, ಒಂದು ಮಾತ್ರ ಮಾಡಿದರೆ ಆ ಸಾಲು ಖಾಲಿ ಇದ್ದ ಹಾಗೇ. ಡಿ ಆನ್ಜಾದಲ್ಲಿ ವರ್ಷವನ್ನು ಕ್ವಾರ್ಟರ್‌ಗಳಾಗಿ ಮಾಡುತ್ತಾರೆ. ಯುಸಿಯ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಸೆಮಿಸ್ಟರ್. ಹಾಗಾಗಿ ಮೂರು ಸಣ್ಣ ಕೋರ್ಸ್ ಸೇರಿ ಆಚೆ ಕಡೆ ಎರಡು ದೊಡ್ಡ ಕೋರ್ಸ್ ಆಗುವುದೂ ಉಂಟು. ಸರಣಿಯ ಮಧ್ಯದಲ್ಲಿ ಕಾಲೇಜು ಬದಲಾಯಿಸಿದರೆ ತಲೆನೋವು ಇದೇ. ಕೆಲವು ಸಾಲಿನಲ್ಲಿ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಅಂತ ಇರುತ್ತದೆ. ಗಾಬರಿ ಬೇಡ. ಆ ಕಾಲೇಜಿನಲ್ಲಿ ಅದಕ್ಕೆ ಸಮನಾದದ್ದು ಇಲ್ಲ ಅಂತ ಅರ್ಥ. ಬೇರೆ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಬಹುದಾ ಅಂತ ಕೌನ್ಸೆಲರ್ ಹತ್ತಿರ ಕೇಳಬೇಕು.

ಇನ್ನೊಂದು. ಪಟ್ಟಿಯ ಮೇಲೆ ಒಂದಷ್ಟು ಪ್ಯಾರಾ ಬರುತ್ತದಲ್ಲ, ಎಲ್ಲರೂ ಸರ್ರನೆ ಕೆಳಗೆ ಜಾರಿಸುವುದು ಅದನ್ನೇ. ಯಾವುದು ಕಡ್ಡಾಯ, ಯಾವುದು ಮಾಡಿದರೆ ಒಳ್ಳೆಯದು, ಯಾವ ಗ್ರೇಡ್ ಬೇಕು ಎಲ್ಲ ಅಲ್ಲಿದೆ. ಅಣ್ಣ ಮೈಸೂರಿನ ಒಂದು ಏಜೆನ್ಸಿಗೆ ದುಡ್ಡು ಕೊಟ್ಟು 'ಟ್ರಾನ್ಸ್‌ಫರ್ ಪ್ಲಾನ್' ತರಿಸಿದ್ದ. ಬಣ್ಣದ ಪ್ರಿಂಟು, ಸ್ಪೈರಲ್ ಬೈಂಡಿಂಗು. ತೆಗೆದು ನೋಡಿದರೆ ಇದೇ ಅಸಿಸ್ಟ್ ಪುಟ, ಮೇಲಿನ ಆ ಪ್ಯಾರಾ ಮಾತ್ರ ಕಿತ್ತು ಹಾಕಿದ್ದಾರೆ! ಅಣ್ಣನಿಗೆ ಬಂದ ಸಿಟ್ಟು ಹೇಳಬೇಕಾ.

ಈಗ ಆ ಹೋದ ಸ್ಟಾರ್. ಅಸಿಸ್ಟ್ ಕೋರ್ಸ್ ಸಮ ಇದೆಯಾ ಅಂತ ಹೇಳುತ್ತದೆ, ಯಾವುದನ್ನು ಮೊದಲು ಮಾಡಬೇಕು ಅಂತ ಹೇಳುವುದಿಲ್ಲ. ಫಿಸಿಕ್ಸ್‌ಗೆ ಮೊದಲು ಕ್ಯಾಲ್ಕುಲಸ್ ಬೇಕು, ಆ ಕ್ಯಾಲ್ಕುಲಸ್ ಈ ಕ್ವಾರ್ಟರ್‌ನಲ್ಲಿ ಸಿಗದಿದ್ದರೆ ಆಮೇಲಿನ ಎಲ್ಲವೂ ಒಂದೊಂದಾಗಿ ಮುಂದಕ್ಕೆ ಜಾರುತ್ತವೆ, ಇದು ಕಾಲೇಜಿನ ಟೈಮ್‌ಟೇಬಲ್ ಇಟ್ಟುಕೊಂಡು ನಾವೇ ಕೂತು ಜೋಡಿಸಬೇಕಾದ ಕೆಲಸ. ಒಂದೊಂದು ಕೋರ್ಸಿಗೂ ಇಷ್ಟು ಯೂನಿಟ್ ಅಂತ ಲೆಕ್ಕ ಇರುತ್ತದೆ. ಯುಸಿಗೆ ಬೇಕಾದ 60 ಸೆಮಿಸ್ಟರ್ ಯೂನಿಟ್, ಅಂದರೆ 90 ಕ್ವಾರ್ಟರ್ ಯೂನಿಟ್, ಸೇರುವ ವರ್ಷದ ವಸಂತದ ಟರ್ಮ್ ಮುಗಿಯುವ ಹೊತ್ತಿಗೆ ಆಗಿರಬೇಕು. ಅದರಲ್ಲಿ ಇಂಗ್ಲಿಷ್ ಎರಡು, ಗಣಿತ ಒಂದು, ಇತರ ವಿಭಾಗಗಳಿಂದ ನಾಲ್ಕು, ಹೀಗೆ ಕಡ್ಡಾಯದ ಏಳು ಕೋರ್ಸೂ ಇರಬೇಕು. ನಮ್ಮ ಹುಡುಗಿಯ ಹಾಗೆ ಹೊರಗಿನಿಂದ ಬಂದವರಿಗೆ ಕನಿಷ್ಠ ಜಿಪಿಎ (ಗ್ರೇಡ್‌ಗಳ ಸರಾಸರಿ) 2.8, ಅಲ್ಲಿಯವರಿಗೆ 2.4. ಅದು ಬಾಗಿಲು ತಟ್ಟುವುದಕ್ಕೆ ಮಾತ್ರ ಸಾಕು, ಕಂಪ್ಯೂಟರ್ ಸೈನ್ಸ್‌ಗೆ ಸೀಟು ಸಿಗಲು ಇನ್ನೂ ಜಾಸ್ತಿ ಬೇಕು.

ಎಫ್-1 ಅನ್ನುವ ವಿದ್ಯಾರ್ಥಿ ವೀಸಾದ ಕಟ್ಟುಪಾಡನ್ನೂ ಇದು ಹೇಳುವುದಿಲ್ಲ. ಟರ್ಮ್‌ಗೆ 12 ಯೂನಿಟ್ ಇರಲೇಬೇಕು, ಅದರಲ್ಲಿ ಆನ್‌ಲೈನ್ ಕ್ಲಾಸ್ ಒಂದೇ ಲೆಕ್ಕಕ್ಕೆ ಬರುತ್ತದೆ. ಅಸಿಸ್ಟ್ ನೋಡಿ ಉಳಿದ ಕೋರ್ಸ್ ಎಲ್ಲ ಆನ್‌ಲೈನ್‌ನಲ್ಲಿ ಮುಗಿಸಿಬಿಡೋಣ ಅಂದುಕೊಂಡರೆ ವೀಸಾಕ್ಕೇ ಕುತ್ತು.

ಹಾಗೇ ಜನರಲ್ ಎಜುಕೇಷನ್, ಅಂದರೆ ಮೇಜರ್‌ನ ಹೊರಗಿನ ಸಾಮಾನ್ಯ ವಿಷಯಗಳ ಪಟ್ಟಿ. 2025ರಿಂದ ಹೊಸದಾಗಿ ಸೇರುವವರಿಗೆ ಐಜೆಟ್ಸಿ ಅನ್ನುವ ಹಳೆಯ ಪಟ್ಟಿ ಹೋಗಿ ಕ್ಯಾಲ್-ಜೆಟ್ಸಿ ಅನ್ನುವುದು ಬಂದಿದೆ. ಅಸಿಸ್ಟ್‌ನಲ್ಲಿ ಅದರ ಪಟ್ಟಿಯೂ ಇದೆ, ಚೆನ್ನಾಗಿದೆ. ಆದರೆ ಇಂಜಿನಿಯರಿಂಗ್, ಕಂಪ್ಯೂಟರ್ ಕಡೆಯವರು ಅದನ್ನು ಪೂರ್ತಿ ಮುಗಿಸುವುದಕ್ಕೆ ಹೊರಟು ಮೇಜರ್ ಕೋರ್ಸ್ ಬಿಟ್ಟರೆ ಎರಡನ್ನೂ ಕಳೆದುಕೊಂಡ ಹಾಗೆ. ಮೊದಲು ಗಣಿತ, ಫಿಸಿಕ್ಸ್, ಪ್ರೋಗ್ರಾಮಿಂಗ್. ಮಿಕ್ಕಿದ್ದು ಆಮೇಲೆ.

ತಾರೀಖುಗಳೂ ಇಲ್ಲಿಲ್ಲ. ಸೀಟು ಖಾತ್ರಿ ಮಾಡಿಕೊಡುವ ಟ್ಯಾಗ್ ಅರ್ಜಿ ಸೆಪ್ಟೆಂಬರ್‌ನಲ್ಲಿ, ನಮಗೆ ಕೈಲು ಮುಹೂರ್ತದ ತಿಂಗಳು. ಆರು ಯುಸಿ ಕ್ಯಾಂಪಸ್ ಮಾತ್ರ ಇದನ್ನು ಕೊಡುತ್ತವೆ, ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇಲ್ಲ. ಒಬ್ಬರಿಗೆ ಒಂದೇ ಕ್ಯಾಂಪಸ್, ಅದೂ ಎಲ್ಲ ಮೇಜರ್‌ಗೂ ಇಲ್ಲ. ಯುಸಿಯ ಮುಖ್ಯ ಅರ್ಜಿಯ ಗಡುವು ಬರುವುದು ನವೆಂಬರ್ ಕೊನೆ, ಡಿಸೆಂಬರ್ ಶುರುವಿನ ಹೊತ್ತಿಗೆ. ಹುತ್ತರಿ, ಅರೇಬಿಕಾ ಕೊಯ್ಲು, ಅದರ ಮಧ್ಯೆ ಇದು. ಅಪ್ಪ ಅಮ್ಮ ತೋಟದಲ್ಲಿ ಇರುತ್ತಾರೆ, ಮಗಳು ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು ಅಂತ ಫೋನ್ ಮಾಡುತ್ತಾಳೆ.

ವೆಬ್‌ಸೈಟ್ ಹೇಗೆ ಓಡುತ್ತದೆ ಅಂದರೆ, ಲ್ಯಾಪ್‌ಟಾಪ್‌ನಲ್ಲಿ ಪರವಾಗಿಲ್ಲ, ಫೋನ್‌ನಲ್ಲಿ ಕಿರಿಕಿರಿ. ಉದ್ದದ ಪಟ್ಟಿ ಚಿಕ್ಕ ಸ್ಕ್ರೀನಿನಲ್ಲಿ ಮುರಿದು ಕೂರುತ್ತದೆ, ಎಡ ಯಾವುದು ಬಲ ಯಾವುದು ಅಂತ ತಿಳಿಯಲ್ಲ. ನಮ್ಮೂರಿನ ಮಳೆಗಾಲದಲ್ಲಿ ಕರೆಂಟ್ ಹೋದ ಮೇಲೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಅಲ್ವಾ? ಅದಕ್ಕೆ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಯಾವ ವರ್ಷದ ಪಟ್ಟಿ ಅಂತ ಫೈಲಿನ ಹೆಸರಲ್ಲೇ ಬರೆಯಿರಿ, ಯಾಕೆಂದರೆ ಒಪ್ಪಂದ ವರ್ಷ ವರ್ಷ ಬದಲಾಗಬಹುದು.

ಕಾಲೇಜಿನ ಕೌನ್ಸೆಲರ್ ಹತ್ತಿರ ಈ ಪಿಡಿಎಫ್ ಹಿಡಿದುಕೊಂಡೇ ಹೋಗಬೇಕು. ಅದೂ ಪುಕ್ಕಟೆ. 'ನಾನೇನು ಮಾಡಲಿ' ಅಂತ ಕೇಳುವುದಕ್ಕಿಂತ 'ಈ ಸಾಲು ನನಗೆ ಅನ್ವಯಿಸುತ್ತದಾ' ಅಂತ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಸ್ಟ್ಯಾನ್‌ಫರ್ಡ್, ಯುಎಸ್‌ಸಿ ಥರದ ಖಾಸಗಿ ಯೂನಿವರ್ಸಿಟಿಗಳ ಕೋರ್ಸ್ ಹೋಲಿಕೆ ಹುಡುಕುವವರಿಗೆ ಅಸಿಸ್ಟ್‌ನಿಂದ ಹೆಚ್ಚು ಪ್ರಯೋಜನವಿಲ್ಲ. ಬೇರೆ ರಾಜ್ಯದ್ದಕ್ಕೂ ಇಲ್ಲ. ಅವರು ಆಯಾ ಯೂನಿವರ್ಸಿಟಿಯ ವೆಬ್‌ಸೈಟಿಗೇ ಹೋಗಬೇಕು.