ಫೋಲ್ಡ್‌ಸ್ಕೋಪ್ ವಿಮರ್ಶೆ: ಕಾಫಿ ಸೀಮೆಯ ಶಾಲೆಗೆ ಕಾಗದದ ಸೂಕ್ಷ್ಮದರ್ಶಕ

ನಲವತ್ತು ಮಕ್ಕಳ ತರಗತಿಗೆ ಒಂದೇ ಸೂಕ್ಷ್ಮದರ್ಶಕ ಇದ್ದರೆ ಒಬ್ಬೊಬ್ಬರಿಗೆ ಸಿಗುವುದು ಹೆಚ್ಚೆಂದರೆ ಒಂದು ನಿಮಿಷ. ಅಷ್ಟರಲ್ಲಿ ಮಗು ನೋಡಿದ್ದು ಜೀವಕೋಶವನ್ನೋ ತನ್ನದೇ ರೆಪ್ಪೆಗೂದಲನ್ನೋ ಎಂದು ವಿಚಾರಿಸಲೂ ಮೇಷ್ಟ್ರಿಗೆ ಪುರುಸೊತ್ತಿರುವುದಿಲ್ಲ. ಫೋಲ್ಡ್‌ಸ್ಕೋಪ್ ಈ ಕೊರತೆಯನ್ನು ಚೆನ್ನಾಗಿ ತುಂಬುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ, ಶಾಲೆಯ ಬೇಲಿ ದಾಟಿದರೆ ಕಾಫಿ ಗಿಡ ಸಿಗುವ ಕಡೆ, ಇದರಿಂದ ಆಗುವ ಉಪಯೋಗ ಇನ್ನೂ ದೊಡ್ಡದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡ 2014ರಲ್ಲಿ ಇದರ ವಿನ್ಯಾಸ ಪ್ರಕಟಿಸಿತು. ನೀರಿಗೆ ಜಗ್ಗದ ಗಟ್ಟಿ ಹಾಳೆ, ಅದರೊಳಗೆ ಮಣಿಯಷ್ಟು ಚಿಕ್ಕ ಮಸೂರ, ಒಂದೆರಡು ಅಯಸ್ಕಾಂತ. ಸಾಮಾನ್ಯ ಮಾದರಿ 140 ಪಟ್ಟು ಹಿಗ್ಗಿಸುತ್ತದೆ. 2 ಮೈಕ್ರಾನ್‌ವರೆಗಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ವಿವರ ಬಿಡಿಸಿ ತೋರಿಸುತ್ತದೆ. ಹದಿನೇಳನೇ ಶತಮಾನದಲ್ಲಿ ಡಚ್ ವ್ಯಾಪಾರಿ ಲೇವೆನ್‌ಹುಕ್ ಒಂದೇ ಮಸೂರದಿಂದ ಸೂಕ್ಷ್ಮಜೀವಿ ಕಂಡದ್ದೂ ಇದೇ ತತ್ವದಿಂದ. ಹೀಗಾಗಿ ಹಾಳೆ ಮಡಚುವ ಹೊತ್ತಿಗೇ ಬೆಳಕಿನ ಪಾಠ ಶುರುಮಾಡಬಹುದು. ಗೆರೆಯ ಮೇಲೆ ಉಗುರಿನಿಂದ ಒತ್ತಿ ಗಟ್ಟಿ ಮಡಿಕೆ ಹಾಕಿಸಿ. ಮಡಿಕೆ ಸಡಿಲವಾದರೆ ಫೋಕಸ್ ಪಟ್ಟಿ ಒಮ್ಮೆ ಹಿಡಿದುಕೊಳ್ಳುತ್ತದೆ, ಒಮ್ಮೆ ಜಾರುತ್ತದೆ. ಚಿತ್ರ ನಿಲ್ಲುವುದೇ ಇಲ್ಲ.

ಮೊದಲ ದಿನಕ್ಕೆ ಈರುಳ್ಳಿಯೇ ಸಾಕು. ಒಳಪದರದ ತೆಳ್ಳನೆ ಸಿಪ್ಪೆ, 5 ಮಿಲಿಮೀಟರ್ ಚೌಕದ ತುಂಡು. 1 ಹನಿ ಟಿಂಚರ್ ಅಯೋಡಿನ್‌ಗೆ 4–5 ಹನಿ ನೀರು ಬೆರೆಸಿ, ಅದರಲ್ಲಿ ಒಂದು ಹನಿಯನ್ನು ಸಿಪ್ಪೆಯ ಮೇಲೆ ಬಿಡಿ. ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್ ಸ್ಲಿಪ್ಪನ್ನು ನೇರ ಮೇಲಿಂದ ಹಾಕಬೇಡಿ. ಒಂದು ಅಂಚನ್ನು ಊರಿ, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಿ. ಇಲ್ಲವಾದರೆ ಗಾಳಿಗುಳ್ಳೆ ಸೇರುತ್ತದೆ. ಮಕ್ಕಳು ಜೀವಕೋಶ ಎಂದು ಖುಷಿಯಿಂದ ತೋರಿಸುವುದು ಬಹಳ ಸಲ ಈ ಗುಳ್ಳೆಯನ್ನೇ. ದಪ್ಪ ಕಪ್ಪು ಅಂಚಿನ, ಒಳಗೆ ಏನೂ ಇಲ್ಲದ ಉರುಟು ಆಕೃತಿ ಕಂಡರೆ ಅದು ಗಾಳಿ. ಈರುಳ್ಳಿಯ ಕೋಶ ಉದ್ದನೆಯದು, ಪಕ್ಕದ ಕೋಶಕ್ಕೆ ಅಂಟಿಕೊಂಡಿರುತ್ತದೆ, ಒಳಗೆ ಕೋಶಕೇಂದ್ರದ ಹಳದಿ ಚುಕ್ಕೆ ಇರುತ್ತದೆ. ಹೆಚ್ಚಾದ ನೀರನ್ನು ಪೇಪರ್ ಚೂರಿನಿಂದ ಹೀರಿಸಿ. ಮಸೂರಕ್ಕೂ ಸ್ಲೈಡಿಗೂ ನಡುವೆ ಇರುವ ಜಾಗ ತೀರಾ ಕಡಿಮೆ, ಒದ್ದೆ ತಾಗಿದರೆ ಎಲ್ಲವೂ ಮಂಜು.

ಎರಡನೇ ಪಾಠಕ್ಕೆ ತೋಟಕ್ಕೆ ಹೋಗಿ. ಬಲಿತ ಕಾಫಿ ಎಲೆಯ ಅಡಿಭಾಗವನ್ನು ಒರೆಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಹಚ್ಚಿ, ಕಾಲು ಗಂಟೆ ಒಣಗಲು ಬಿಡಿ. ಅದರ ಮೇಲೆ ಸೆಲ್ಲೋಟೇಪ್ ಒತ್ತಿ ಎಬ್ಬಿಸಿ ಸ್ಲೈಡಿಗೆ ಅಂಟಿಸಿದರೆ ಪತ್ರರಂಧ್ರಗಳ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳ ಅಚ್ಚು ಸಿಗುತ್ತದೆ. ಎಲೆಯ ಮೇಲ್ಭಾಗದಿಂದಲೂ ಒಂದು ಅಚ್ಚು ತೆಗೆಸಿ. ಅಲ್ಲಿ ಒಂದು ರಂಧ್ರವೂ ಕಾಣುವುದಿಲ್ಲ, ಏಕೆಂದರೆ ಕಾಫಿಯ ಪತ್ರರಂಧ್ರಗಳೆಲ್ಲ ಅಡಿಭಾಗದಲ್ಲೇ ಇವೆ. ಇದನ್ನು ಮೊದಲೇ ಹೇಳಿಬಿಡಬೇಡಿ. ಮಕ್ಕಳೇ ಹುಡುಕಿ ಸೋತು ಕೇಳಲಿ. ಪಾಲಿಶ್ ದಪ್ಪವಾದರೆ ಅಚ್ಚು ಮಸುಕು, ಅರೆಬರೆ ಒಣಗಿದ್ದರೆ ಮಸೂರಕ್ಕೇ ಅಂಟು.

ಇದೇ ಎಳೆ ಹಿಡಿದು, ಶಿಲೀಂಧ್ರದಿಂದ ಬರುವ ಎಲೆ ತುಕ್ಕು ರೋಗಕ್ಕೆ ಬನ್ನಿ. ಮಳೆಗಾಲ ಕಳೆಯುತ್ತಿದ್ದಂತೆ ಅರೇಬಿಕಾ ಕಾಫಿಯ ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಸುಲಭವಾಗಿ ಸಿಗುತ್ತದೆ. ಅದು ಶಿಲೀಂಧ್ರ ಹರಡುವ ಬೀಜಾಣುಗಳ ರಾಶಿ. ಸೂಜಿ ಮೊನೆಯಷ್ಟು ಸಾಕು. ಬರೀ ನೀರಿಗೆ ಹಾಕಿದರೆ ಈ ಬೀಜಾಣುಗಳು ಒದ್ದೆಯಾಗದೆ ಗುಂಪುಗಟ್ಟಿ ತೇಲುತ್ತವೆ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿ, ಆ ನೀರನ್ನು ಬಳಸಿ. ಆಗ ಒಂದೊಂದೂ ಬಿಡಿಬಿಡಿಯಾಗಿ, ಅವರೆಕಾಳಿನ ಹಾಗೆ ಒಂದು ಬದಿ ಉಬ್ಬಿ ಕಾಣುತ್ತದೆ. ಉದ್ದ ಸುಮಾರು 30 ಮೈಕ್ರಾನ್. ಅಳತೆಯ ಅಂದಾಜಿಗೆ ಪಕ್ಕದಲ್ಲಿ ಒಂದು ತಲೆಗೂದಲು ಇಟ್ಟು ಹೋಲಿಸಿ. ಉಬ್ಬಿದ ಬದಿಯ ಸಣ್ಣ ಮುಳ್ಳುಗಳನ್ನು ಎಣಿಸುವಷ್ಟು ಶಕ್ತಿ ಈ ಮಸೂರಕ್ಕಿಲ್ಲ.

ಎಲೆ ಒದ್ದೆಯಾಗಿಯೇ ಉಳಿದರೆ ಈ ಬೀಜಾಣು ಮೊಳೆತು, ಮಕ್ಕಳು ಆಗಷ್ಟೇ ಕಂಡ ಪತ್ರರಂಧ್ರದ ಮೂಲಕವೇ ಒಳನುಗ್ಗುತ್ತದೆ. ಮಳೆಗೆ ಮುಂಚೆ 0.5% ಬೋರ್ಡೋ ದ್ರಾವಣವನ್ನು (ಮೈಲುತುತ್ತ ಮತ್ತು ಸುಣ್ಣದ ನೀಲಿ ಔಷಧಿ) ಎಲೆಯ ಅಡಿಗೇ ತಾಗುವಂತೆ ಸಿಂಪಡಿಸಿ ಎಂದು ಬೆಳೆಗಾರರಿಗೆ ಹೇಳುವುದೇಕೆ ಎಂಬುದನ್ನು ಹತ್ತನೇ ತರಗತಿಯ ಹುಡುಗಿ ಈಗ ತಾನೇ ಮನೆಯಲ್ಲಿ ವಿವರಿಸಬಲ್ಲಳು. ಪಿಯುಸಿಯವರಿಗೆ ಇಷ್ಟಕ್ಕೆ ಬಿಡಬೇಡಿ. ಅರೇಬಿಕಾ, ರೋಬಸ್ಟಾ ಎರಡರ ಅಚ್ಚಿನಲ್ಲೂ ಒಂದು ನೋಟಕ್ಕೆ ಬೀಳುವ ರಂಧ್ರಗಳನ್ನು ಎಣಿಸಿ ಸರಾಸರಿ ತೆಗೆಸಿ. 1869ರಲ್ಲಿ ಸಿಲೋನಿನ (ಇಂದಿನ ಶ್ರೀಲಂಕಾ) ಎಲೆಗಳಿಂದ ಗುರುತಿಸಿದ ಈ ತುಕ್ಕು ಶಿಲೀಂಧ್ರ ಅಲ್ಲಿನ ಕಾಫಿ ಕೃಷಿಯನ್ನೇ ನೆಲಕಚ್ಚಿಸಿತು. ನಮ್ಮ ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದಿರುವ ಕಾಫಿ ಸಂಶೋಧನೆಯಲ್ಲಿ ತುಕ್ಕು ತಾಳುವ ತಳಿಗಳ ಹುಡುಕಾಟ ದೊಡ್ಡ ಪಾಲು. ವಯಸ್ಸಾದ ಬೆಳೆಗಾರರನ್ನೂ ಈ ತರಗತಿಗೆ ಕರೆಯಿರಿ. ವರ್ಷಗಟ್ಟಲೆ ಔಷಧಿ ಹೊಡೆಸಿದವರು ರೋಗವನ್ನು ಮುಖಾಮುಖಿ ಕಂಡಾಗ ಕೇಳುವ ಪ್ರಶ್ನೆಗಳು ಯಾವ ಪಠ್ಯದಲ್ಲೂ ಇರುವುದಿಲ್ಲ.

ಒಂದು ಎಚ್ಚರಿಕೆ: ರೋಗದ ಎಲೆಯನ್ನು ಒಂದು ತೋಟದಿಂದ ಇನ್ನೊಂದಕ್ಕೆ ಒಯ್ಯಬೇಡಿ, ನೋಡಿ ಮುಗಿದ ಮೇಲೆ ಸುಟ್ಟುಬಿಡಿ. ನೀಲಿ ಕಲೆ ಇರುವ ಎಲೆ ಎಂದರೆ ಔಷಧಿ ಬಿದ್ದದ್ದು, ಅದನ್ನು ಮುಟ್ಟಿಸಬೇಡಿ.

ಇನ್ನು ಕೊರತೆಗಳು. ಮೊಸರಿನ ಬ್ಯಾಕ್ಟೀರಿಯಾ ತೋರಿಸುತ್ತೇವೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಅವುಗಳ ಆಕಾರ ಇದರಲ್ಲಿ ಬಿಡಿಸಿ ಕಾಣುವುದಿಲ್ಲ. ಈರುಳ್ಳಿ ಬೇರಿನ ಕೋಶ ವಿಭಜನೆಗೂ ಶಾಲೆಯ ದೊಡ್ಡ ಸೂಕ್ಷ್ಮದರ್ಶಕವೇ ಬೇಕು. ಮಲೆನಾಡಿನ ಜುಲೈ ತಿಂಗಳಲ್ಲಿ ಕಿಟಕಿ ಬೆಳಕು ಸಾಲದು, ಟ್ಯೂಬ್‌ಲೈಟ್ ಕಡೆ ಹಿಡಿಯಿರಿ, ಇಲ್ಲವೇ ಮೊಬೈಲ್ ಟಾರ್ಚಿಗೆ ಬಟರ್ ಪೇಪರ್ ಮುಚ್ಚಿ ಬಳಸಿ. ಬಿಸಿಲು ಬಂತೆಂದು ಸೂರ್ಯನತ್ತ ಮಾತ್ರ ಯಾರೂ ಹಿಡಿಯಬಾರದು, ಕಣ್ಣಿಗೆ ಅಪಾಯ. ಫೋಟೊ ತೆಗೆಯುವಾಗ ಅಯಸ್ಕಾಂತದ ಬಳೆಯನ್ನು ಮೊಬೈಲಿನ ಮುಖ್ಯ ಕ್ಯಾಮೆರಾಕ್ಕೇ ಸರಿಯಾಗಿ ಕೂರಿಸಿ. ಮೂರ್ನಾಲ್ಕು ಕ್ಯಾಮೆರಾ ಇರುವ ಫೋನುಗಳು ಜೂಮ್ ಮಾಡಿದ ಕೂಡಲೇ ತಾವಾಗಿ ಇನ್ನೊಂದಕ್ಕೆ ಬದಲಾಗಿ ಚಿತ್ರ ಮಾಯವಾಗುತ್ತದೆ.

ಮೂರು–ನಾಲ್ಕನೇ ತರಗತಿಯವರಿಗೆ ಸ್ಲೈಡಿನ ಗೋಜು ಬೇಡ. ಇರುವೆಯ ಕಾಲು, ಚಿಟ್ಟೆಯ ಉದುರಿದ ರೆಕ್ಕೆ, ಸಕ್ಕರೆ, ದಾಸವಾಳದ ಪರಾಗವನ್ನು ಎರಡು ಸೆಲ್ಲೋಟೇಪುಗಳ ನಡುವೆ ಒತ್ತಿದರೆ ಆಯಿತು. ಗಾಜಿನ ಕವರ್ ಸ್ಲಿಪ್ ಆ ಕೈಗಳಲ್ಲಿ ಒಡೆಯುತ್ತದೆ.

ಕೊಳ್ಳುವ ಶಾಲೆಗಳಿಗೆ ನಮ್ಮ ಸಲಹೆ: ಚಿಮಟ, ಕತ್ತರಿ ಎಲ್ಲ ಇರುವ ಒಂದು ದುಬಾರಿ ಪೆಟ್ಟಿಗೆಗಿಂತ, ನಾಲ್ಕು ಮಕ್ಕಳಿಗೆ ಒಂದರಂತೆ ಹತ್ತು ಬಿಡಿ ಕಾಗದದ ಸೆಟ್ಟುಗಳೇ ಮೇಲು. ಮನೆಗೆ ಒಂದೇ ಸಾಕೆನ್ನುವವರು ಪೆಟ್ಟಿಗೆ ತೆಗೆದುಕೊಳ್ಳಲಿ. ಶಾಲೆಯವರು ಉಳಿದ ಹಣದಲ್ಲಿ ಸ್ಲೈಡು, ಕವರ್ ಸ್ಲಿಪ್ಪುಗಳನ್ನು ಧಾರಾಳವಾಗಿ ತಂದಿಡಿ. ವರ್ಷದ ನಡುವೆ ಮೊದಲು ಮುಗಿಯುವುದು ಅವೇ.