ತಟ್ಟೆ ಮೇಲಿನ ಬಿಳಿ ಕಲೆಗೆ ಬೋರ್ ನೀರನ್ನೇ ಬೈಯಬೇಡಿ, ನಾವು ಮೋಸ ಹೋದೆವು

ಮೆಸ್, ಕ್ಯಾಂಟೀನ್ ನಡೆಸುವವರು, ಪಾತ್ರೆ ತೊಳೆಯುವ ದೊಡ್ಡ ಮಷೀನ್ ಹಾಕಿಸಿರುವವರು ದಯವಿಟ್ಟು ಓದಿ.

ನಮ್ಮದು ಅನ್ನ ಸಾರಿನ ಮೆಸ್. ಮಷೀನ್ ಬಂದು ಎರಡು ತಿಂಗಳಾಗುವಷ್ಟರಲ್ಲಿ ಸ್ಟೀಲ್ ತಟ್ಟೆಗಳ ಮೇಲೆ ಮಂಕು ಬಿಳಿ ಕಲೆ ಶುರುವಾಯಿತು. ಒದ್ದೆ ಇದ್ದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆರಳಾಡಿಸಿದರೆ ತರಿತರಿ. ದಿನಾ ಬರುವ ಅಜ್ಜ ಒಬ್ಬರು ಒಂದು ಮಧ್ಯಾಹ್ನ ಏನೂ ಹೇಳದೆ ಪಂಚೆ ತುದಿಯಿಂದ ತಟ್ಟೆ ಒರೆಸಿಕೊಂಡು ಊಟಕ್ಕೆ ಕೂತರು. ಅದನ್ನು ನೋಡಿ ನನಗೆ ಅವತ್ತು ಊಟ ಸೇರಲಿಲ್ಲ.

ಮಷೀನ್ ಕೊಟ್ಟವರನ್ನು ಕೇಳಿದರೆ 'ಬೋರ್ ನೀರು ಗಡಸು ಸಾರ್, ಅದರದ್ದೇ ಕಲೆ' ಅಂದರು. ನಂಬಿದೆವು. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್‌ಗೆ ಉಪ್ಪು ಸುರಿದೆವು, ನೀರಿನ ಉಪ್ಪಿನ ಪದರ ಕರಗಿಸುವ ಆಸಿಡ್, ಅಂದರೆ ಡೀಸ್ಕೇಲರ್, ಕ್ಯಾನ್ ಮೇಲೆ ಕ್ಯಾನ್ ತಂದೆವು, ದುಡ್ಡು ಹೋಯಿತೇ ಹೊರತು ಕಲೆ ಹೋಗಲಿಲ್ಲ. ಒಂದು ರಾತ್ರಿ ನಮ್ಮ ಹುಡುಗ ಮಷೀನಿನ ಟ್ಯಾಂಕಿನಲ್ಲಿದ್ದ ಸೋಪಿನ ನೀರು ಖಾಲಿ ಮಾಡದೆ ಅದಕ್ಕೇ ಡೀಸ್ಕೇಲರ್ ಸುರಿದುಬಿಟ್ಟ. ಆ ಸೋಪಿನಲ್ಲಿ ಕ್ಲೋರಿನ್ ಇತ್ತು. ಅದಕ್ಕೆ ಆಸಿಡ್ ಸೇರಿದರೆ ವಿಷಗಾಳಿ ಬರುತ್ತದೆ. ಕೆಮ್ಮುತ್ತಾ ಹೊರಗೆ ಓಡಿ ಬಂದ, ಸದ್ಯ ಏನೂ ಆಗಲಿಲ್ಲ. ಇದನ್ನು ಮಾತ್ರ ಯಾರೂ ಮಾಡಬೇಡಿ.

ಕೊನೆಗೆ ವಿಜ್ಞಾನ ಪಾಠ ಮಾಡುವ ನಮ್ಮ ಅಕ್ಕ ಬಂದು, ಒಣಗಿದ ತಟ್ಟೆ ಮೇಲೆ ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟಳು. ಕಂದು ಹನಿ ಹರಡಿದಲ್ಲೆಲ್ಲ ಕಡು ನೀಲಿ! ಅಯೋಡಿನ್ ನೀಲಿಯಾಗುವುದು ಗಂಜಿ ತಗುಲಿದರೆ. ಅಂದರೆ ಅದು ನೀರಿನ ಉಪ್ಪಲ್ಲ, ಅನ್ನದ ಗಂಜಿ.

ತಪ್ಪು ನಮ್ಮ ಕೆಲಸದ ರೀತಿಯಲ್ಲೇ ಇತ್ತು. ಎಂಜಲು ತಟ್ಟೆ ಒಂದರ ಮೇಲೊಂದು ಪೇರಿಸಿ, ಒಣಗಿದ ಮೇಲೆ ನೇರ ಮಷೀನಿಗೆ ತಳ್ಳುತ್ತಿದ್ದೆವು. ಅದು ತೊಳೆಯುವುದೇ ಒಂದೆರಡು ನಿಮಿಷ. ಅಷ್ಟರಲ್ಲಿ ಬಿಡದೆ ಉಳಿದ ಗಂಜಿ ಕೊನೆಯ ಬಿಸಿ ನೀರಿಗೆ ಅಲ್ಲೇ ಒಣಗಿ ಕೂರುತ್ತದೆ, ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ, ದಿನಕ್ಕೊಂದು ಪದರ. ಮನೆ ಮಷೀನಿನ ಪುಡಿಯೂ ಇಲ್ಲಿ ನಡೆಯುವುದಿಲ್ಲ, ಅದರಲ್ಲಿನ ಗಂಜಿ ಒಡೆಯುವ ಎನ್‌ಜೈಮ್ ಕೆಲಸ ಮಾಡಲು ಜಾಸ್ತಿ ಹೊತ್ತು ಬೇಕು. ನೀರು ಚಿಮ್ಮುವ ತೂತುಗಳಲ್ಲೂ ಅನ್ನದ ಅಗುಳು ಸಿಕ್ಕಿಕೊಂಡಿದ್ದವು.

ಈಗ ಊಟ ಮುಗಿದ ತಟ್ಟೆ ಸೀದಾ ಉಗುರುಬೆಚ್ಚಗಿನ ನೀರಿನ ಟಬ್‌ಗೆ, ಆಮೇಲೆ ಪೈಪಿನಲ್ಲಿ ನೀರು ಹೊಡೆದು ಮಷೀನಿಗೆ. ತೊಳೆಯುವ ನೀರು 60 ಡಿಗ್ರಿ ಆಸುಪಾಸು, ಕೊನೆಯದು 82. ಊಟದ ಮಧ್ಯೆ ಒಮ್ಮೆ ಟ್ಯಾಂಕ್ ನೀರು ಬದಲಾಯಿಸುತ್ತೇವೆ, ಜಾಲರಿ ತೊಳೆಯುತ್ತೇವೆ. ಹಳೇ ಪದರ ತೆಗೆಯಲು, ಮಷೀನಿನ ಸೋಪನ್ನು ಕ್ಯಾನ್ ಮೇಲೆ ಬರೆದ ಅಳತೆಯಲ್ಲಿ ನೀರಿಗೆ ಬೆರೆಸಿ, ತಟ್ಟೆಗಳನ್ನು ಅದರಲ್ಲಿ ನೆನೆಸಿ ಉಜ್ಜಬೇಕಾಯಿತು. ಗ್ಲೌಸ್ ಹಾಕಿಕೊಳ್ಳಿ. ಅಲ್ಯೂಮಿನಿಯಂ ಇಡ್ಲಿ ತಟ್ಟೆ ಅದರಲ್ಲಿ ಹಾಕಬೇಡಿ, ಕಪ್ಪಾಗುತ್ತದೆ.

ವಾರಕ್ಕೊಮ್ಮೆ ಯಾವುದಾದರೂ ಒಂದು ತಟ್ಟೆಗೆ ಅಯೋಡಿನ್ ಬಿಟ್ಟು ನೋಡಿ, ಮತ್ತೆ ತೊಳೆದಿಡುತ್ತೇವೆ. ಹೋದ ವಾರ ಹನಿ ಕಂದಾಗೇ ಉಳಿಯಿತು.